ಜಿಐಎ ಮುಗಿದದ್ದು ಹೇಗೆ?

ಪ್ರಶ್ನೆ: ಅಲ್ಜೀರಿಯಾದ ಜಿಐಎ ಎಂಬ ಬಂದೂಕಿನ ಗುಂಪನ್ನು ಸೈನ್ಯವೇ ಮುಗಿಸಿತಾ ಸರ್?
– ಒಬ್ಬ ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಸೈನ್ಯ ಒಂದೇ ಅಲ್ಲ. ಜಿಐಎ ಬೆಳೆಯೋಕೆ ದಾರಿ ಮಾಡಿಕೊಟ್ಟದ್ದೂ ಸೈನ್ಯವೇ ಅಲ್ವಾ! 1991ರ ಡಿಸೆಂಬರ್‌ನಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಎಂಬ ಪಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಭಾರಿ ಗೆಲುವು ಪಡೆಯಿತು. ಮರು ತಿಂಗಳೇ ಸೈನ್ಯ ಚುನಾವಣೆ ನಿಲ್ಲಿಸಿ, ಆಮೇಲೆ ಸಾವಿರಾರು ಜನರನ್ನು ಸಹಾರಾ ಮರುಭೂಮಿಯ ಶಿಬಿರಗಳಿಗೆ ತಳ್ಳಿದಾಗ, ಮತಪೆಟ್ಟಿಗೆಯ ಮೇಲೆ ನಂಬಿಕೆ ಹೋದ ಹುಡುಗರು ಅಫ್ಘಾನ್ ಯುದ್ಧದಿಂದ ಮರಳಿದವರ ಜೊತೆ ಸೇರಿಕೊಂಡರು; ಜಿಐಎ ಬೆಳೆದದ್ದು ಹೀಗೆ.

ಆದರೆ ಜಿಐಎ ಪತ್ರಕರ್ತರನ್ನು, ವಿದೇಶಿಯರನ್ನು, ಕೊನೆಗೆ ಬಡ ಹಳ್ಳಿಗರನ್ನೂ ಕೊಂದಿತು. 1997ರಲ್ಲಿ ರಾಯಿಸ್, ಬೆಂತಲ್ಹಾ ಎಂಬ ಊರುಗಳಲ್ಲಿ ಹತ್ಯಾಕಾಂಡ ಆದಾಗ (ಸೈನ್ಯ ಹತ್ತಿರವಿದ್ದೂ ಬರಲಿಲ್ಲ ಎಂಬ ದೂರು ಇನ್ನೂ ಇದೆ) ಅಳಿದುಳಿದ ಬೆಂಬಲವೂ ಕರಗಿತು. 1998ರಲ್ಲಿ ಗುಂಪು ಒಡೆದು ಜಿಎಸ್‌ಪಿಸಿ ಎಂಬ ಇನ್ನೊಂದು ಬಂದೂಕಿನ ಗುಂಪು ಹುಟ್ಟಿತು, 1999ರ ಕ್ಷಮಾದಾನದ ಕಾನೂನು ಬಂದ ಮೇಲೆ ಸಾವಿರಾರು ಬಂದೂಕುಧಾರಿಗಳು ಶರಣಾದರು.