17 ವರ್ಷಕ್ಕೇ ಪ್ರೊ ಕಾಂಟ್ರಾಕ್ಟ್ ಬಂದಿದೆ, ಮಗನ ಕಾಲೇಜ್ ಬಿಡಿಸ್ಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ 17, ಅಮೆರಿಕದ ದೊಡ್ಡ ಫುಟ್‌ಬಾಲ್ ಲೀಗ್ ಎಂಎಲ್‌ಎಸ್‌ನ ಕ್ಲಬ್ ಒಂದರ ಅಕಾಡೆಮಿಲಿ ಆಡ್ತಿದಾನೆ, ಕ್ಲಬ್ಬಿನವ್ರು ಸೆಕೆಂಡ್ ಟೀಮಿಗೆ, ಅಂದ್ರೆ ಮುಖ್ಯ ಟೀಮಿನ ಕೆಳಗಿನ ಟೀಮಿಗೆ, ಸೈನ್ ಮಾಡ್ಸಿ ಅಂತಿದಾರೆ, ಆ ಕಡೆ ಡಿವಿಷನ್ ಒನ್ (ಅಲ್ಲಿನ ಕಾಲೇಜ್ ಕ್ರೀಡೆಯ ಮೇಲಿನ ಹಂತ) ಕಾಲೇಜ್ ಕೋಚ್ ಒಬ್ರು ಅರ್ಧ ಸ್ಕಾಲರ್‌ಶಿಪ್ ಕೊಡ್ತೀನಿ ಅಂತಿದಾರೆ, ಏನ್ ಮಾಡ್ಲಿ ಅಂತ. ಮೂರು ವರ್ಷದ ಹಿಂದೆ ನಮ್ಮನೆ ಊಟದ ಟೇಬಲ್ ಮೇಲೂ ಹೆಚ್ಚುಕಮ್ಮಿ ಇದೇ ಎರಡು ಪೇಪರ್ ಬಿದ್ದಿದ್ವು, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮನೇಲಿ ಆಗ ದಿನಾ ಜಗಳ. ನನ್ ಭಾವಮೈದ ಅಮೆರಿಕದ ಸ್ಟಾರ್ ಆಟಗಾರ ಪುಲಿಸಿಕ್ ಹೆಸರು ಹೇಳೋನು, 16ಕ್ಕೇ ಜರ್ಮನಿ ಕ್ಲಬ್ ಡಾರ್ಟ್ಮಂಡಿಗೆ ಹೋಗ್ಲಿಲ್ವಾ ಅಂತ. ನಾನು ಫ್ರೆಡ್ಡಿ ಅಡು ಹೆಸರು ಎತ್ತೋನು, 2004ರಲ್ಲಿ 14 ವರ್ಷಕ್ಕೇ ಎಂಎಲ್‌ಎಸ್ ಕ್ಲಬ್ ಡಿಸಿ ಯುನೈಟೆಡ್‌ಗೆ ಆಡಿದ, ಮುಂದಿನ ಪೆಲೆ ಅಂತ ಹೊಗಳಿದ್ದೇ ಹೊಗಳಿದ್ದು, ಆಮೇಲೆ ದೇಶ ದೇಶ ಸುತ್ತಿ ಎಷ್ಟು ಕ್ಲಬ್ ಬದಲಾಯ್ಸಿದ ಅಂತ ಲೆಕ್ಕ ಇಡೋದೇ ಕಷ್ಟ. ಈಗ ಯೋಚಿಸಿದ್ರೆ ಇಬ್ರೂ ದಂಡಕ್ಕೆ ಗಂಟಲು ಹರ್ಕೊಂಡ್ವಿ. ಪುಲಿಸಿಕ್ ಕೈಲಿ ಕ್ರೊಯೇಷಿಯಾ ಪಾಸ್‌ಪೋರ್ಟ್ ಇತ್ತು, ಅದಿಲ್ಲದೆ ಅಮೆರಿಕದ ಹುಡುಗ 18 ತುಂಬೋಕ್ ಮುಂಚೆ ಯುರೋಪ್ ಕ್ಲಬ್ಬಿಗೆ ಸೇರೋದಕ್ಕೆ ಫಿಫಾ ರೂಲೇ ಅಡ್ಡ ಬರತ್ತೆ. ಯಾವನಾದ್ರೂ ಏಜೆಂಟ್ ಮುಂದಿನ ತಿಂಗ್ಳೇ ಜರ್ಮನಿ ಅಂದ್ರೆ ಮೊದ್ಲು ಪಾಸ್‌ಪೋರ್ಟ್ ವಿಷ್ಯ ಕೇಳಿ, ಅರ್ಧ ಜನ ಅಲ್ಲೇ ಫೋನ್ ಇಡ್ತಾರೆ.

ಕಣ್ಣು ತೆರೆಸಿದ್ದು ನನ್ ಹೆಂಡ್ತಿ. ಕಾಂಟ್ರಾಕ್ಟ್ ಮೊದಲ ಪುಟ ನೋಡಿ ನಾವೆಲ್ಲ ನಾಲ್ಕು ವರ್ಷ ನಾಲ್ಕು ವರ್ಷ ಅಂತ ಕುಣೀತಿದ್ವಿ, ಅವ್ಳು ರಾತ್ರಿ ಹನ್ನೊಂದು ಗಂಟೆಗೆ ಪೆನ್ಸಿಲ್ ಹಿಡ್ಕೊಂಡು ಪೂರ್ತಿ ಓದಿ, ರೀ, ಇದ್ರಲ್ಲಿ ಗ್ಯಾರಂಟಿ ಇರೋದು ಒಂದೇ ವರ್ಷ ಕಣ್ರೀ ಅಂದ್ಲು. ಮಿಕ್ಕಿದ್ದೆಲ್ಲ ಆಪ್ಷನ್, ಅಂದ್ರೆ ಬೇಕಾದ್ರೆ ಮುಂದುವರಿಸೋ ಹಕ್ಕು, ಆ ಆಪ್ಷನ್ನೂ ಕ್ಲಬ್ಬಿನದ್ದು, ನಮ್ದಲ್ಲ. ಹುಡುಗ ಮಿಂಚಿದ್ರೆ ಮೊದ್ಲೇ ಬರೆದಿಟ್ಟ ಸಂಬಳಕ್ಕೆ ಕಟ್ಟಾಕೊಂಡಿರ್ತಾರೆ, ಮಿಂಚಲಿಲ್ಲ ಅಂದ್ರೆ ಸೀಸನ್ ಮುಗೀತಿದ್ದ ಹಾಗೇ ಥ್ಯಾಂಕ್ಯೂ ಅಂತಾರೆ. ಸಂಬಳದ ವಿಷ್ಯದಲ್ಲೂ ಜನ ಗೊಂದಲ ಮಾಡ್ಕೋತಾರೆ. 2024ರಲ್ಲಿ ಎಂಎಲ್‌ಎಸ್‌ನಲ್ಲಿ ರಿಸರ್ವ್ ಆಟಗಾರನ ಕನಿಷ್ಠ ಸಂಬಳ 71,401 ಡಾಲರ್ ಇತ್ತು, ಆದ್ರೆ ಅದು ಎಂಎಲ್‌ಎಸ್ ಕಾಂಟ್ರಾಕ್ಟ್ ಇದ್ದೋರಿಗೆ. ಸೆಕೆಂಡ್ ಟೀಮ್‌ಗಳು ಆಡೋ ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಬೇರೇನೇ ಲೀಗ್, 2022ರಲ್ಲಿ ಶುರುವಾಗಿದ್ದು, ಅಲ್ಲಿನ ಕಾಂಟ್ರಾಕ್ಟಿಗೆ ಆ ಕನಿಷ್ಠ ಅನ್ವಯ ಆಗಲ್ಲ. ಜರ್ಸಿ ಮೇಲೆ ಅದೇ ಲೋಗೋ ಇರತ್ತೆ ಅಷ್ಟೇ.

ನಮ್ಮೋನು ಲೆಫ್ಟ್ ಬ್ಯಾಕ್. ಕ್ಲಬ್ಬಲ್ಲಿ ಆಗಷ್ಟೇ 19 ವರ್ಷದ ಇನ್ನೊಬ್ಬ ಲೆಫ್ಟ್ ಬ್ಯಾಕಿಗೆ ಮೂರು ವರ್ಷ ಸೈನ್ ಮಾಡ್ಸಿದ್ರು. ಹಾಗಾದ್ರೆ ನನ್ ಮಗ ಯಾವಾಗ ಆಡೋದು ಅಂತ ಕೇಳಿದೆ, ಟೆಕ್ನಿಕಲ್ ಡೈರೆಕ್ಟರ್ ಕಾಂಪಿಟಿಷನ್ ಒಳ್ಳೇದು ಸರ್ ಅಂದ್ರು. ಅಲ್ಲಿಗೆ ಕಾಲೇಜ್ ಅಂತ ಡಿಸೈಡ್ ಆಯ್ತು.

ಹಾಗಂತ ಕಾಲೇಜಲ್ಲಿ ಹಾಲು ಜೇನು ಹರೀತಿದೆ ಅನ್ಕೋಬೇಡಿ. ಕಾಲೇಜ್ ಸೀಸನ್ ಆಗಸ್ಟ್ ಕೊನೇಲಿ ಶುರು, ಡಿಸೆಂಬರಿಗೆ ಚಾಂಪಿಯನ್‌ಶಿಪ್ಪೂ ಮುಗ್ದೋಗತ್ತೆ, ಅಷ್ಟರೊಳಗೆ ಇಪ್ಪತ್ತರ ಹತ್ರ ಮ್ಯಾಚ್ ತುರುಕ್ತಾರೆ, ವಾರಕ್ಕೆರಡು, ಮೈಗೆ ರೆಸ್ಟೇ ಇಲ್ಲ, ಆಮೇಲೆ ಸ್ಪ್ರಿಂಗ್‌ನಲ್ಲಿ ನಾಲ್ಕೈದು ಫ್ರೆಂಡ್ಲಿ ಬಿಟ್ರೆ ಬರೀ ಪ್ರಾಕ್ಟೀಸು. ಬೇಸಿಗೇಲಿ ಯುಎಸ್‌ಎಲ್ ಲೀಗ್ ಟೂ ಅನ್ನೋ ಬೇಸಿಗೆ ಲೀಗ್‌ನಲ್ಲಿ ಆಡ್ಬಹುದು, ಅದೊಂದೇ ಸಮಾಧಾನ. ಮೊದಲನೇ ವರ್ಷ ಮುಗಿಸಿ ಬಂದಾಗ ಇವ್ನೂ ಇವ್ನ ಅಕಾಡೆಮಿ ಗೆಳೆಯನೂ ಪಾರ್ಕಲ್ಲಿ ಐದೈದು ಜನ ಸೇರ್ಕೊಂಡು ಆಡ್ತಿದ್ರು. ಆ ಗೆಳೆಯ ಎರಡು ವರ್ಷ ಗ್ಯಾರಂಟಿ ತಗೊಂಡು ಬೇರೆ ಕ್ಲಬ್ಬಿನ ಸೆಕೆಂಡ್ ಟೀಮಿಗೆ ಸೈನ್ ಮಾಡಿದ್ದ, ಮಿಡ್‌ಫೀಲ್ಡಲ್ಲಿ ಮೊದಲನೇ ವರ್ಷವೇ ಇಪ್ಪತ್ತಕ್ಕೂ ಹೆಚ್ಚು ಮ್ಯಾಚ್ ಆಡಿದ್ದ. ಬಾಲ್ ಬರೋಕ್ ಮುಂಚೆನೇ ಎರಡ್ ಸಲ ಹಿಂದೆ ತಿರುಗಿ ನೋಡೋನು, ಬಂದ್ ತಕ್ಷಣ ಒಂದೇ ಟಚ್, ನಮ್ಮೋನು ಕಾಲಿಗೆ ಬಾಲ್ ಸಿಕ್ಕಿದ್ಮೇಲೆ ಯೋಚ್ನೆ ಮಾಡ್ತಿದ್ದ. ಕಾರಲ್ಲಿ ಬರುವಾಗ, ಅಪ್ಪಾ ಅವ್ನು ನನಗಿಂತ ತುಂಬಾ ಮುಂದೆ ಹೋಗ್ಬಿಟ್ಟ ಅಂದ. ನಾನೇನೂ ಹೇಳ್ಲಿಲ್ಲ, ನಿಜಾನೇ ಆಗಿತ್ತು.

ಆದ್ರೆ ಎರಡನೇ ವರ್ಷ ಅಲ್ಲಿ ಹೊಸ ಕೋಚ್ ಬಂದ್ರು, ಗೆಳೆಯ ಬೆಂಚಿಗೆ ಹೋದ, ಆಪ್ಷನ್ ಎತ್ತಲಿಲ್ಲ. ಕಾಂಟ್ರಾಕ್ಟಲ್ಲಿ ಓದಿನ ಖರ್ಚಿನ ಬಗ್ಗೆ ಒಂದ್ ಸಾಲೂ ಇರ್ಲಿಲ್ಲ. ಈಗ ಬೆಳಿಗ್ಗೆ ಕೆಲಸ, ಸಂಜೆ ಕಮ್ಯುನಿಟಿ ಕಾಲೇಜು, ಫೀಸು ಅವನದ್ದೇ. ಪ್ರೊ ಆಗಿ ಸೈನ್ ಮಾಡಿದವ್ನು ವಾಪಸ್ ಎನ್‌ಸಿಎಎಲಿ, ಅಂದ್ರೆ ಕಾಲೇಜ್ ಕ್ರೀಡೆಯಲ್ಲಿ, ಆಡ್ಬಹುದಾ ಅನ್ನೋ ರೂಲ್ಸ್ ಈಗ ಪದೇ ಪದೇ ಬದಲಾಗ್ತಿದೆ, ಅದಕ್ಕೆ ಯಾರೋ ವಾಟ್ಸಾಪಲ್ಲಿ ಹೇಳಿದ್ದು ನಂಬ್ಬೇಡಿ, ಸೈನ್ ಮಾಡೋಕ್ ಮುಂಚೆ ಆ ಕಾಲೇಜಿನಲ್ಲಿ ಈ ರೂಲ್ಸ್ ನೋಡ್ಕೊಳ್ಳೋ ಕಂಪ್ಲಯನ್ಸ್ ಆಫೀಸಿಗೆ ಈಮೇಲ್ ಹಾಕಿ ಬರವಣಿಗೇಲೇ ಉತ್ತರ ತಗೊಳ್ಳಿ.

ಇನ್ನೊಂದ್ ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಅಕಾಡೆಮಿಯಿಂದ ಕಾಲೇಜಿಗೆ ಹೋದ ಮಾತ್ರಕ್ಕೆ ಕ್ಲಬ್ಬಿನ ಬಾಗಿಲು ಮುಚ್ಚಲ್ಲ, ತಮ್ಮ ಅಕಾಡೆಮೀಲಿ ಬೆಳೆದೋರಿಗಿರೋ ಹೋಮ್‌ಗ್ರೋನ್ ರೂಲಲ್ಲಿ ಅವ್ರು ಆಮೇಲೂ ಸೈನ್ ಮಾಡ್ಕೋಬಹುದು. ಜೋರ್ಡನ್ ಮಾರಿಸ್ ಹಾಗೇ ಮಾಡಿದ್ದು. ಸಿಯಾಟಲ್ ಸೌಂಡರ್ಸ್ ಅಕಾಡೆಮಿ ಹುಡುಗ, ಸ್ಟ್ಯಾನ್‌ಫರ್ಡಿಗೆ ಹೋದ, 2015ರಲ್ಲಿ ಕಾಲೇಜಲ್ಲಿರುವಾಗ್ಲೇ ದೇಶದ ಟೀಮಿಗೆ ಆಡಿ ಮೆಕ್ಸಿಕೊ ಮೇಲೆ ಗೋಲ್ ಹೊಡ್ದ, 2016ರಲ್ಲಿ ಸೌಂಡರ್ಸಿಗೇ ವಾಪಸ್ ಬಂದ. ನಿಮ್ಮೋನು ಗೋಲ್‌ಕೀಪರ್ ಆಗಿದ್ರಂತೂ ಅರ್ಜೆಂಟೇ ಬೇಡ, ಮ್ಯಾಟ್ ಟರ್ನರ್ ಫೇರ್‌ಫೀಲ್ಡ್ ಯೂನಿವರ್ಸಿಟಿಲಿ ನಾಲ್ಕು ವರ್ಷ ಮುಗಿಸಿದಾಗ ಎಂಎಲ್‌ಎಸ್ ಕ್ಲಬ್ಬುಗಳು ಕಾಲೇಜ್ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಯಾರೂ ತಗೊಳ್ಳಲಿಲ್ಲ, 2022ಕ್ಕೆ ಇಂಗ್ಲೆಂಡಿನ ಆರ್ಸೆನಲ್‌ನಲ್ಲಿದ್ದ. ಅರ್ಧ ಸ್ಕಾಲರ್‌ಶಿಪ್ಪಾ ಅಂತ ಬೇಜಾರೂ ಬೇಡ, ಡಿವಿಷನ್ ಒನ್‌ನಲ್ಲಿ ಹುಡುಗರ ಒಂದ್ ಟೀಮಿಗೆ ಒಟ್ಟು 9.9 ಪೂರ್ತಿ ಸ್ಕಾಲರ್‌ಶಿಪ್ ಅಂತ ಮೊನ್ನೆಮೊನ್ನೆವರೆಗೂ ಮಿತಿ ಇತ್ತು, ಅದನ್ನೇ ಎಲ್ಲರಿಗೂ ಹಂಚ್ತಿದ್ರು.

ನಿಮ್ಮ ಜಾಗದಲ್ಲಿ ನಾನಿದ್ರೆ ಎರಡು ವರ್ಷ ಗ್ಯಾರಂಟಿ, ಮುಂದೆ ಓದೋಕೆ ದುಡ್ಡು ಅಂತ ಕಾಂಟ್ರಾಕ್ಟಲ್ಲೇ ಬರೆದಿರ್ಬೇಕು, ಅವ್ನ ಪೊಸಿಷನ್ನಲ್ಲಿ ಈಗ ಯಾರಿದಾರೆ, ಅವ್ರ ಕಾಂಟ್ರಾಕ್ಟ್ ಎಲ್ಲಿವರೆಗೆ ಅನ್ನೋದಕ್ಕೆ ನೇರ ಉತ್ತರ ಬರ್ಬೇಕು, ಈ ಮೂರೂ ಆದ್ರೆ ಕಣ್ಣುಮುಚ್ಚಿ ಸೈನ್ ಮಾಡಿಸ್ತಿದ್ದೆ. ಎರಡೇ ಸಿಕ್ಕಿದ್ರೆ ಇನ್ನೊಂದ್ ವಾರ ಟೈಮ್ ಕೇಳ್ತಿದ್ದೆ. ಕಾಂಪಿಟಿಷನ್ ಒಳ್ಳೇದು ಸರ್ ಅಂದ್ರೆ ಕಾಲೇಜ್ ಕೋಚಿಗೆ ಫೋನ್ ಮಾಡಿ.