ಕಂಟ್ರೋಲರ್ ಬ್ಲೂಟೂತ್‌ನಲ್ಲಿ ಕಾಣ್ತಿಲ್ಲ, ಡಾಂಗಲ್ ಕೆಟ್ಟಿದೆಯಾ?

ಪ್ರಶ್ನೆ: ಅಣ್ಣನ ಮಗ ಕೆಲಸಕ್ಕೆಂದು ಊರು ಬಿಡುವಾಗ ತನ್ನ ಹಳೆಯ ಎಕ್ಸ್‌ಬಾಕ್ಸ್ ಒನ್ ಗೇಮ್ ಕಂಟ್ರೋಲರನ್ನು ನಮಗೆ ಕೊಟ್ಟು ಹೋದ. ನಮ್ಮದು ಡೆಸ್ಕ್‌ಟಾಪ್, ವಿಂಡೋಸ್ 11. ಅದರಲ್ಲಿ ಬ್ಲೂಟೂತ್ ಇಲ್ಲದ್ದಕ್ಕೆ ಒಂದು ಡಾಂಗಲ್ ತಂದೆ. ಇಯರ್‌ಫೋನ್ ಕನೆಕ್ಟ್ ಆಗುತ್ತೆ, ಕಂಟ್ರೋಲರ್ ಮಾತ್ರ ಕಾಣಿಸಲ್ಲ. ಮಗಳ ಹತ್ತಿರ ಪಿಎಸ್4 (ಪ್ಲೇಸ್ಟೇಷನ್ 4) ಕಂಟ್ರೋಲರ್ ಕೂಡ ಇದೆ. ಎರಡಕ್ಕೂ ಆಗುವ ಒಂದೇ ಅಡಾಪ್ಟರ್ ಸಿಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಡಾಂಗಲ್ ಸರಿಯಾಗೇ ಇದೆ, ಅದನ್ನು ವಾಪಸ್ ಕೊಡಬೇಡಿ. ಬ್ಲೂಟೂತ್ ಇಲ್ಲದಿರುವುದು ಬಹುಶಃ ನಿಮ್ಮ ಕಂಟ್ರೋಲರ್‌ನಲ್ಲೇ.

ಎಕ್ಸ್‌ಬಾಕ್ಸ್ ಒನ್ 2013ರಲ್ಲಿ ಬಂದಾಗ ಅದರ ಕಂಟ್ರೋಲರ್‌ಗೆ ಬ್ಲೂಟೂತ್ ಇರಲಿಲ್ಲ. ಮೈಕ್ರೋಸಾಫ್ಟ್ ತನ್ನದೇ ಬೇರೆ ವೈರ್‌ಲೆಸ್ ವಿಧಾನ ಬಳಸಿತ್ತು. ಬ್ಲೂಟೂತ್ ಸೇರಿದ್ದು 2016ರಲ್ಲಿ, ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದ ಕಂಟ್ರೋಲರ್‌ಗೆ. ನಿಮ್ಮದು ಯಾವುದು ಅಂತ ನೋಡೋದು ಸುಲಭ. ಮಧ್ಯದಲ್ಲಿ ಹೊಳೆಯುವ ಎಕ್ಸ್‌ಬಾಕ್ಸ್ ಬಟನ್ ಇದೆಯಲ್ಲ, ಅದರ ಸುತ್ತಲಿನ ಪ್ಲಾಸ್ಟಿಕ್ ಗಮನಿಸಿ. ಅದು ಮೇಲಿನ ಬಂಪರ್ ಬಟನ್‌ಗಳ (ತೋರುಬೆರಳಿಂದ ಒತ್ತುವ ಎಲ್‌ಬಿ, ಆರ್‌ಬಿ) ಜೊತೆ ಒಂದೇ ತುಂಡಾಗಿ ನುಣ್ಣಗೆ ಮಿಂಚುತ್ತಿದ್ದರೆ ಬ್ಲೂಟೂತ್ ಇಲ್ಲ. ಕಂಟ್ರೋಲರ್‌ನ ಮೈಯ ಪ್ಲಾಸ್ಟಿಕ್ಕೇ ಬಟನ್ ಸುತ್ತ ಮುಂದುವರಿದಿದ್ದರೆ ಇದೆ. ಇನ್ನೂ ಅನುಮಾನವೇ? ಸೆಲ್ ತೆಗೆದು ಒಳಗಿನ ಲೇಬಲ್‌ನಲ್ಲಿ ಮಾಡೆಲ್ ನಂಬರ್ ಓದಿ. 1537 ಅಥವಾ 1697 ಅಂತಿದ್ದರೆ ಬ್ಲೂಟೂತ್ ಆಸೆ ಬಿಡಿ. 1708 ಅಂತಿದ್ದರೆ ನಿಮ್ಮ ಡಾಂಗಲ್ಲೇ ಸಾಕು.

ಹಳೆಯದೇ ಅಂತ ಗೊತ್ತಾದರೆ ಅದಕ್ಕೆ ಬೇಕಿರುವುದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ವೈರ್‌ಲೆಸ್ ಅಡಾಪ್ಟರ್. ಒಂದೇ ಅಡಾಪ್ಟರ್‌ಗೆ ಎಂಟು ಕಂಟ್ರೋಲರ್‌ವರೆಗೆ ಸೇರಿಸಬಹುದು. ಕಂಟ್ರೋಲರ್‌ಗೆ ಸಿಕ್ಕಿಸಿದ ಹೆಡ್‌ಸೆಟ್‌ನಲ್ಲಿ ಧ್ವನಿಯೂ ಬರುತ್ತೆ, ಬ್ಲೂಟೂತ್‌ನಲ್ಲಿ ಆ ಸೌಕರ್ಯ ಇಲ್ಲ. ಸೆಕೆಂಡ್ ಹ್ಯಾಂಡ್ ಹುಡುಕುವಾಗ ಮಾತ್ರ ಹುಷಾರು. ವೈರ್ ಇರುವ, ದುಂಡಗಿನ ಬಿಲ್ಲೆಯಂಥ ರಿಸೀವರ್ ಒಂದನ್ನು ಇದೇ ಹೆಸರಲ್ಲಿ ಮಾರುತ್ತಾರೆ. ಅದು ಎಕ್ಸ್‌ಬಾಕ್ಸ್ 360 ಕಂಟ್ರೋಲರ್‌ಗೆ ಮಾಡಿದ್ದು, ನಿಮ್ಮದಕ್ಕೆ ಆಗೋದೇ ಇಲ್ಲ. ಅಗ್ಗದ ಗೇಮ್‌ಪ್ಯಾಡ್ ಜೊತೆ ಬರುವ ಪುಟ್ಟ ಡಾಂಗಲ್ ಕೂಡ ಅಷ್ಟೆ, ಅದಕ್ಕೆ ತನ್ನ ಜೋಡಿ ಬಿಟ್ಟು ಬೇರೆ ಕಂಟ್ರೋಲರ್ ಗೊತ್ತಿಲ್ಲ.

ಆದರೆ ದುಡ್ಡು ಖರ್ಚು ಮಾಡೋ ಮುಂಚೆ ಹಳೆಯ ಮೊಬೈಲ್‌ನ ಮೈಕ್ರೋ ಯುಎಸ್‌ಬಿ ಕೇಬಲ್ ಒಂದು ಹುಡುಕಿ. ಡೇಟಾ ಹೋಗುವ ಕೇಬಲ್ ಆಗಿರಬೇಕು. ಬರೀ ಚಾರ್ಜ್ ಆಗುವಂಥದ್ದಾದರೆ ಕಂಪ್ಯೂಟರ್‌ಗೆ ಏನೂ ಕಾಣಿಸಲ್ಲ. ಸಿಕ್ಕಿಸಿದ ಕೂಡಲೇ ವಿಂಡೋಸ್ ಗುರುತಿಸುತ್ತೆ, ಸೆಲ್ ಖರ್ಚೂ ಉಳಿಯಿತು. ಟೇಬಲ್ ಮುಂದೆಯೇ ಕೂತು ಆಡೋರಿಗೆ ನಾನು ಯಾವಾಗಲೂ ಹೇಳೋದು ಇದನ್ನೇ. ವೈರ್‌ಲೆಸ್ ಬೇಕಾಗೋದು ಕಂಪ್ಯೂಟರನ್ನು ಟಿವಿಗೆ ಹಾಕಿ ಸೋಫಾದಲ್ಲಿ ಕೂತಾಗ.

ಇನ್ನು ಮಗಳ ಪಿಎಸ್4 ಕಂಟ್ರೋಲರ್. ಅದರಲ್ಲಿ ಬ್ಲೂಟೂತ್ ಇದೆ, ಈಗಿರುವ ಡಾಂಗಲ್ ಸಾಕು. ಶೇರ್ ಬಟನ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಲೈಟು ಪಟಪಟ ಮಿನುಗಲು ಶುರುವಾದಾಗ ವಿಂಡೋಸ್‌ನ ಬ್ಲೂಟೂತ್ ಪಟ್ಟಿಯಲ್ಲಿ 'ವೈರ್‌ಲೆಸ್ ಕಂಟ್ರೋಲರ್' ಅಂತ ಬರುತ್ತೆ, ಅದನ್ನು ಆರಿಸಿ. ಕನೆಕ್ಟ್ ಆದರೂ ಕೆಲವು ಆಟಗಳು ಜಪ್ಪಯ್ಯ ಅನ್ನಲ್ಲ. ಯಾಕೆಂದರೆ ವಿಂಡೋಸ್‌ನ ಬಹಳಷ್ಟು ಆಟಗಳು ಎಕ್ಸ್‌ಬಾಕ್ಸ್ ಕಂಟ್ರೋಲರ್ ಭಾಷೆ ಮಾತ್ರ ಬಲ್ಲವು. ಆಟ ಕೊಂಡು ಆಡಲು ಬಳಸುವ ಸ್ಟೀಮ್ ಅನ್ನೋ ಆ್ಯಪ್ ಇದ್ದರೆ, ಅದರ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಪ್ಲೇಸ್ಟೇಷನ್ ಆಯ್ಕೆ ಆನ್ ಮಾಡಿದರೆ ಸ್ಟೀಮ್ ನಡುವೆ ನಿಂತು ಅನುವಾದ ಮಾಡುತ್ತೆ. ಬೇರೆ ಕಡೆ ಕೊಂಡ ಆಟವನ್ನೂ ಸ್ಟೀಮ್ ಲೈಬ್ರರಿಗೆ ಸೇರಿಸಿ ಅಲ್ಲಿಂದ ತೆರೆಯಬಹುದು.

8ಬಿಟ್‌ಡೂ ಕಂಪನಿಯ ಯುಎಸ್‌ಬಿ ಅಡಾಪ್ಟರ್ ಈ ಅನುವಾದವನ್ನು ತಾನೇ ಮಾಡುತ್ತೆ. ಪಿಎಸ್4, ಪಿಎಸ್5, ನಿಂಟೆಂಡೊ ಸ್ವಿಚ್ ಪ್ರೊ ಎಲ್ಲದಕ್ಕೂ ಆಗುತ್ತೆ. ನಿಮ್ಮ 'ಎರಡಕ್ಕೂ ಒಂದೇ' ಆಸೆಗೆ ಅದೂ ಒದಗಲ್ಲ. ಒಂದು ಅಡಾಪ್ಟರ್‌ಗೆ ಒಂದೇ ಕಂಟ್ರೋಲರ್, ಸಾಲದ್ದಕ್ಕೆ ಅದರದ್ದೂ ಬ್ಲೂಟೂತ್ ದಾರಿಯೇ. ಬ್ಲೂಟೂತ್ ಇಲ್ಲದ ಎಕ್ಸ್‌ಬಾಕ್ಸ್ ಕಂಟ್ರೋಲರ್ ಅದಕ್ಕೂ ಕಾಣಲ್ಲ.

ಯಾವುದೇ ಡಾಂಗಲ್ ಆಗಲಿ, ಸಿಪಿಯು ಹಿಂದೆ ಮಾತ್ರ ಸಿಕ್ಕಿಸಬೇಡಿ. ನಾನೊಮ್ಮೆ ಹಾಗೆ ಮಾಡಿದ್ದೆ, ಅದೂ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಪಕ್ಕದಲ್ಲೇ. ರೇಸ್ ಆಡುವಾಗ ಸ್ಟಿಕ್‌ನಿಂದ ಬೆರಳು ತೆಗೆದರೂ ಕಾರು ಎಡಕ್ಕೇ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದೋದು. ಎರಡು ದಿನ ಸುಮ್ನೆ ಕಂಟ್ರೋಲರನ್ನು ಬೈದೆ. ಯುಎಸ್‌ಬಿ 3.0 ಸಾಧನಗಳಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಏಳುತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿತ್ತು. ಬ್ಲೂಟೂತ್ ಓಡಾಡೋದೂ ಅಲ್ಲೇ. ಸಾಲದ್ದಕ್ಕೆ ನಡುವೆ ಕ್ಯಾಬಿನೆಟ್ಟಿನ ತಗಡು ಬೇರೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮಾನಿಟರ್ ಪಕ್ಕ ಇಟ್ಟೆ. ಕಾರು ನೆಟ್ಟಗೆ ಓಡಿತು.