ಮಂಚ, ಮೇಜು, ಕುರ್ಚಿ, ದೀಪ

ಹೊರದೇಶದಲ್ಲಿ ಸುವಾರ್ತೆ ಸೇವೆಯಲ್ಲಿರುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಪತ್ರ ಬರೆದಿದ್ದಾರೆ. ಈ ವರ್ಷ ಸಭೆಯ ಹಿರಿಯರ ತಂಡ ಅವರ ಮನೆಗೆ ಮೂರು ಸಲ ಬಂತಂತೆ. ಕೊನೆಯ ಸಲ ಐದು ಜನ, ಎಂಟು ದಿನ. ಹೆಂಡತಿ ಗೊಣಗಿದರಂತೆ. ‘ಅತಿಥಿ ಸತ್ಕಾರದ ಬಗ್ಗೆ ನೀವು ನಾಲ್ಕು ಮಾತು ಬರೆದರೆ ಅವಳಿಗೆ ತಿಳಿವಳಿಕೆ ಬರಬಹುದು’ ಎಂದು ಕೋರಿದ್ದಾರೆ.

ಧಾರಾಳವಾಗಿ ಬರೆಯುತ್ತೇನೆ ಸಾರ್. ಆದರೆ ಓದಬೇಕಾದವರು ನೀವು.

ಹಿರಿಯರು ಬರುವುದು ಒಳ್ಳೆಯದೇ. ಅಷ್ಟು ದೂರದಲ್ಲಿ ಒಂಟಿಯಾಗಿ ದುಡಿಯುವವರ ಪಕ್ಕ ಕೂತು ಒಬ್ಬರು ಅರ್ಧ ಗಂಟೆ ಪ್ರಾರ್ಥಿಸಿದರೂ ಆರು ತಿಂಗಳಿಗೆ ಸಾಕು. ಅದನ್ನು ಒಪ್ಪಿದೆ, ಮುಂದಕ್ಕೆ ಹೋಗೋಣ.

‘ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಿ’ ಎಂದು ಸಂತ ಬೆನೆಡಿಕ್ಟರು ಮಠದ ಸನ್ಯಾಸಿಗಳಿಗೆ ಬರೆದ ನಿಯಮವನ್ನು ಎಲ್ಲರೂ ಹೇಳುತ್ತಾರೆ. 6ನೇ ಶತಮಾನದ ಆ ನಿಯಮಾವಳಿಯ 53ನೇ ಅಧ್ಯಾಯವನ್ನು ಪೂರ್ತಿ ಓದಿದವರು ಕಡಿಮೆ. ಅತಿಥಿಗಳಿಗೆ ಬೇರೆ ಅಡುಗೆಮನೆ ಇರಲಿ, ಇಬ್ಬರನ್ನು ಒಂದು ವರ್ಷ ಅಲ್ಲಿಗೇ ನೇಮಿಸಿ, ಕೆಲಸ ಜಾಸ್ತಿಯಾದರೆ ಇನ್ನಷ್ಟು ಜನ ಕೊಡಿ ಎಂದು ಅಲ್ಲೇ ಇದೆ. ಯಾಕೆ ಗೊತ್ತಾ? ಅವರು ಗೊಣಗದೆ ಸೇವೆ ಮಾಡಲಿ ಅಂತ! ನಿಮ್ಮ ಮನೆಯಲ್ಲಿ ಎಷ್ಟು ಜನರನ್ನು ಕೊಟ್ಟಿದ್ದಿರಿ?

ಇನ್ನೂ ಹಿಂದಕ್ಕೆ ಹೋದರೆ ದಿದಾಖೆ ಎಂಬ ಆದಿಸಭೆಯ ಕೈಪಿಡಿ ಸಿಗುತ್ತದೆ. ಬಂದ ಅಪೊಸ್ತಲ, ಅಂದರೆ ಊರೂರು ಸುತ್ತುವ ಬೋಧಕ, ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು ಎನ್ನುತ್ತದೆ ಅದು. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ! ಎಂಟು ದಿನದ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ, ಪಾಪ. 1179ರಲ್ಲಿ ರೋಮಿನಲ್ಲಿ ಬಿಷಪ್ಪರೆಲ್ಲ ಸೇರಿದ ಮೂರನೇ ಲ್ಯಾಟರನ್ ಪರಿಷತ್ತಿನ ಹೊತ್ತಿಗೆ ಕಾಲ ಕೆಟ್ಟಿತ್ತು. ಊರೂರು ಭೇಟಿಗೆ ಹೋಗುವ ಬಿಷಪ್ಪರು 20–30 ಕುದುರೆಗಿಂತ ಹೆಚ್ಚು ತರಬಾರದು, ಬೇಟೆನಾಯಿ ತರಬಾರದು, ಭಾರೀ ಊಟ ಕೇಳಬಾರದು ಎಂದು ಕಾನೂನು ಮಾಡಬೇಕಾಯಿತು. ಸುಮ್ನೆ ಯಾರೂ ಕಾನೂನು ಮಾಡಲ್ಲ ಅಲ್ವಾ?

ನಾನೂ ಒಮ್ಮೆ ಇಂಥ ತಂಡದಲ್ಲಿ ಹೋಗಿದ್ದವನೇ. ರಾತ್ರಿ ನೀರಿಗೆಂದು ಎದ್ದರೆ, ಆ ಮನೆಯ ಇಬ್ಬರು ಮಕ್ಕಳು ಅಡುಗೆಮನೆಯ ನೆಲದ ಮೇಲೆ ಮಲಗಿದ್ದರು. ಅವರ ಮಂಚದಲ್ಲಿ ನಾನಿದ್ದೆ. ಫ್ರಿಜ್ಜಿನೊಳಗೆ ಜ್ಯೂಸಿನ ಡಬ್ಬಿಗೆ ‘ಅತಿಥಿಗಳಿಗೆ’ ಎಂದು ಚೀಟಿ ಅಂಟಿಸಿತ್ತು. ಚಿಕ್ಕವಳಿಗೆ ಎಚ್ಚರವಾಯಿತು. ‘ಅಂಕಲ್, ನೀವು ಹೋದ್ಮೇಲೆ ಅದು ನಮಗೆ’ ಎಂದಳು. ಮರುದಿನ ಆತಿಥ್ಯದ ಬಗ್ಗೆ ಬೋಧನೆ ಮಾಡಬೇಕಿದ್ದವನು ನಾನೇ. ಏನು ಮಾತಾಡಿದೆನೋ, ಒಂದಕ್ಷರ ನೆನಪಿಲ್ಲ.

ಈಗ ಸಂಪಾದಕನ ಕುರ್ಚಿಯಲ್ಲಿ ಕೂತು ಪ್ರವಾಸದ ವರದಿಗಳನ್ನು ತಿದ್ದುತ್ತೇನೆ. ವರದಿ ಒಂದು ಪುಟ, ಫೋಟೋ ಹನ್ನೆರಡು. ಎಲ್ಲದರಲ್ಲೂ ನಡುವೆ ಅದೇ ಹಿರಿಯರು, ಹಿಂದೆ ಬ್ಯಾನರ್. ಅನ್ನ ಬಡಿಸಿದವರು ಒಂದರಲ್ಲೂ ಇಲ್ಲ. ಯಾಕೆಂದರೆ ಫೋಟೋ ತೆಗೆಯುವ ಹೊತ್ತಿಗೆ ಅವರು ಪಾತ್ರೆ ತೊಳೆಯುತ್ತಿರುತ್ತಾರೆ. ಬಿಷಪ್ಪನಾದವನು ಅತಿಥಿಸತ್ಕಾರ ಮಾಡುವವನಾಗಿರಬೇಕು ಎಂದು ಬೈಬಲಿನಲ್ಲಿ, ತೀತನಿಗೆ ಬರೆದ ಪತ್ರದಲ್ಲಿದೆ. ಮಾಡಿಸಿಕೊಳ್ಳುವವನು ಎಂದು ನಾವು ಯಾವಾಗ ತಿದ್ದಿಕೊಂಡೆವೋ!

ಬೈಬಲಿನಲ್ಲಿ ಶೂನೇಮ್ ಊರಿನ ಆ ತಾಯಿ ತನ್ನ ಮನೆಗೆ ಬರುತ್ತಿದ್ದ ಪ್ರವಾದಿ ಎಲೀಷನಿಗೆ ಇಟ್ಟದ್ದು ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಅಷ್ಟೇ. ಎಲೀಷ ಅದರಲ್ಲೇ ಮಲಗಿ ಎದ್ದು, ‘ಇಷ್ಟು ಶ್ರಮಪಟ್ಟಿದ್ದೀಯಲ್ಲ, ನಿನಗೇನು ಮಾಡಲಿ?’ ಎಂದು ವಿಚಾರಿಸಿದ. ನಿಮ್ಮ ಐದು ಜನರಲ್ಲಿ ಯಾರಾದರೂ ವಿಚಾರಿಸಿದರಾ? ಅವರು ಬಿಡಿ, ನೀವು?

ಮುಂದಿನ ತಂಡ ಬರುತ್ತೇವೆಂದು ತಿಳಿಸಿದಾಗ ಉತ್ತರವನ್ನು ನಿಮ್ಮ ಮನೆಯವರೇ ಬರೆಯಲಿ. ಎಷ್ಟು ಜನ, ಎಷ್ಟು ದಿನ, ಬಟ್ಟೆ ಒಗೆಯುವವರು ಯಾರು ಎಂಬುದೂ ಅದರಲ್ಲಿರಲಿ. ಒಂದು ಪ್ರತಿ ನನಗೆ ಕಳಿಸಿ. ತಿದ್ದದೆ ಅಚ್ಚು ಹಾಕುತ್ತೇನೆ.

— ಸಂ.